ಪಿ.ಟಿ. ಮೇಡಂ ಮದುವೆಯ ರುಜುವಾತು

ಅವರ ಮದುವೆಯ ಫೋಟೋ ಇರುವುದು ಒಂದೇ. ತೆಗೆದವಳು ನಾನು. ತರೀಕೆರೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಗಂಡು ಹೆಣ್ಣು ಇಬ್ಬರೂ ನಿಂತಿದ್ದಾರೆ. ಕೊರಳಲ್ಲಿ ಬಸ್ ಸ್ಟ್ಯಾಂಡಿನ ಹೂವಿನವಳಿಂದ ತಂದ ಸೇವಂತಿಗೆ ಹಾರ. ಮದುಮಗಳ ಎರಡೂ ಕೈ ಪಕ್ಕಕ್ಕೆ ನೇರ ಇಳಿಬಿದ್ದಿವೆ, ಹಿಮ್ಮಡಿ ಕೂಡಿವೆ, ಗದ್ದ ಮೇಲೆದ್ದಿದೆ. ಧ್ವಜಾರೋಹಣಕ್ಕೆ ನಿಂತ ಹಾಗೆ. ಇಬ್ಬರ ನಡುವೆ ಒಂದು ತೋಳಿನಷ್ಟು ಜಾಗ. ಡ್ರಿಲ್ ಸಾಲಿನಲ್ಲಿ ಮಕ್ಕಳಿಗೆ ಅವರೇ ಅಳೆದು ಬಿಡಿಸುತ್ತಿದ್ದಷ್ಟು ಜಾಗ.

"ಸ್ವಲ್ಪ ಹತ್ರ ಬನ್ನಿ ಮೇಡಂ" ಅಂದೆ.

"ಹಿಂಗೇ ಇರ್ಲಿ ಬಿಡ್ರೀ ಮಿಸ್, ಚೆನ್ನಾಗೈತೆ" ಅಂದರು.

ಆ ಜಾಗ ಮುಂದೆ ನಮ್ಮನ್ನು ಎಷ್ಟು ಹೆದರಿಸಲಿದೆ ಎಂದು ಆವತ್ತು ಯಾರಿಗೂ ಗೊತ್ತಿರಲಿಲ್ಲ.

ಅಜ್ಜಂಪುರದ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಅವರು ಅಲ್ಲೇ ದೈಹಿಕ ಶಿಕ್ಷಣದ ಶಿಕ್ಷಕಿ. ನಾನು ಕಡೂರಿನಿಂದ ಬರುತ್ತಿದ್ದೆ, ಅವರು ತರೀಕೆರೆಯಿಂದ. ಮಕ್ಕಳಿಗೆ, ಮೇಷ್ಟ್ರುಗಳಿಗೆ, ಗೇಟಿನ ಮುಂದೆ ಸೀಬೆಹಣ್ಣು ಮಾರುವ ಅಜ್ಜಿಗೆ, ಎಲ್ಲರಿಗೂ ಅವರು ಪಿ.ಟಿ. ಮೇಡಂ. ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಇಲ್ಲಿಯೂ ಅದು ಬೇಡ. ನಮ್ಮ ಶಾಲೆಯಲ್ಲಿ ಅವರಷ್ಟು ಎತ್ತರದ ಗಂಡಸೂ ಇರಲಿಲ್ಲ. ಕಾಟನ್ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಸೀಟಿ. ಕುರ್ಚಿಯಲ್ಲಿ ಕೂತರೆ ಬೆನ್ನು ಒರಗಿಸುತ್ತಿರಲಿಲ್ಲ. ಹೇಗಿದ್ದೀರಿ ಎಂದು ಕೇಳಿದರೆ "ಇದೀನಿ" ಅನ್ನುವರು. ಅದಕ್ಕಿಂತ ಹೆಚ್ಚಿಗೆ ಒಂದು ಮಾತು ಹೊರಡುತ್ತಿರಲಿಲ್ಲ.

ಅವರು ಎಂಥವರೆಂದು ನಾನು ಮೊದಲು ಕಂಡದ್ದು ಕಡೂರಿನ ಮೈದಾನದಲ್ಲಿ. ಹುಡುಗಿಯರ ಖೋಖೋ, ಜಿಲ್ಲಾ ಮಟ್ಟದ ಫೈನಲ್. ಮಕ್ಕಳ ಜೊತೆಗೆ ಇನ್ನೊಬ್ಬ ಹೆಣ್ಣು ಟೀಚರ್ ಇರಲಿ ಎಂದು ನನ್ನನ್ನೂ ಕಳಿಸಿದ್ದರು. ಕೊನೆಯ ನಿಮಿಷ. ನಮ್ಮ ಹುಡುಗಿ ಔಟಾಗದೆ ಉಳಿದರೆ ಗೆದ್ದೆವು. ಅಟ್ಟಿಸಿಕೊಂಡು ಬಂದವಳ ಬೆರಳು ನಮ್ಮವಳ ಬೆನ್ನಿಗೆ ತಗುಲಿತು. ಅಂಪೈರ್ ಆಗ ಕಂಬದ ಆಚೆ ಇದ್ದರು, ಅವರಿಗೆ ಕಾಣಲಿಲ್ಲ. ಆಟ ಮುಗಿಯಿತೆಂದು ಸೀಟಿ ಊದಿದರು, ನಮ್ಮವರು ಕುಣಿದರು. ಪಿ.ಟಿ. ಮೇಡಂ ನೇರ ಮೈದಾನದೊಳಕ್ಕೆ ನಡೆದುಹೋಗಿ, "ಸರ್, ನಮ್ ಹುಡ್ಗಿ ಔಟು. ಬೆನ್ನಿಗೆ ಕೈ ತಗುಲ್ತು, ನಾನೇ ನೋಡ್ದೆ" ಅಂದರು.

ಪಂದ್ಯ ಸೋತೆವು. ವಾಪಸು ಬರುವಾಗ ಬಸ್ಸಿನ ತುಂಬ ಅಳು. ಬೀರೂರಿನಲ್ಲಿ ಬಸ್ಸು ನಿಂತಾಗ ಮೇಡಂ ಇಳಿದು ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಂದು ಹಂಚಿದರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ನನಗೂ ಸಿಟ್ಟು ಬಂದಿತ್ತು. "ಅಂಪೈರೇ ನೋಡಿರ್ಲಿಲ್ಲ. ನೀವ್ಯಾಕೆ ಹೇಳಕ್ಕೆ ಹೋದ್ರಿ?" ಅಂದೆ.

"ಆ ಹುಡ್ಗಿಗೆ ಗೊತ್ತಿತ್ತಲ್ಲ ಮಿಸ್, ತಾನು ಔಟಾಗಿದೀನಿ ಅಂತ."

ಇಂಥವರು ನಲವತ್ನಾಲ್ಕನೇ ವಯಸ್ಸಿಗೆ ಮದುವೆಯಾಗುತ್ತೇನೆ ಅಂದಾಗ ನಾನು ಕೈಯಲ್ಲಿದ್ದ ಉತ್ತರ ಪತ್ರಿಕೆಯ ಕಟ್ಟನ್ನು ಕೆಳಗೆ ಬೀಳಿಸಿದೆ.

ಹುಡುಗ ಚೌಳಹಿರಿಯೂರು ಕಡೆಯವರು. ಹುಡುಗ ಎಂದರೆ ಮೂವತ್ತೊಂಬತ್ತು. ಹಿಂದೆ ಕಡೂರಿನಿಂದ ತೆಂಗಿನಕಾಯಿ ಲಾರಿ ಓಡಿಸುತ್ತಿದ್ದವರು. ಆಗೊಮ್ಮೆ ಮೇಡಂ ಹುಡುಗಿಯರ ಜೊತೆ ತರೀಕೆರೆಯಲ್ಲಿ ಪಂದ್ಯ ಮುಗಿಸಿ ಬರುವಾಗ ಬಸ್ಸು ಕೆಟ್ಟು ನಿಂತಿತ್ತಂತೆ. ಇವರ ಲಾರಿ ಖಾಲಿ ಬರುತ್ತಿತ್ತು. ಹುಡುಗಿಯರನ್ನೆಲ್ಲ ಹತ್ತಿಸಿಕೊಂಡು ಅಜ್ಜಂಪುರಕ್ಕೆ ಬಿಟ್ಟರು. ಎಲ್ಲರೂ ಗೋಣಿಚೀಲದ ಮೇಲೆ ಕೂತರೆ ಮೇಡಂ ಮಾತ್ರ ಹಿಂದುಗಡೆ ನಿಂತು, ಒಂದೊಂದು ತಿರುವಿಗೂ ತಲೆ ಎಣಿಸುತ್ತ ಬಂದರಂತೆ. ಆಮೇಲೆ ಅವರು ಗಲ್ಫಿಗೆ ಹೋದರು, ಅಲ್ಲಿಂದ ಕೆನಡಾಕ್ಕೆ. ಅಲ್ಲಿಯೂ ಲಾರಿಯೇ, ಆದರೆ ಹದಿನೆಂಟು ಚಕ್ರದ್ದು. ನಡುವೆ ಒಂದು ಮದುವೆಯಾಗಿ, ಅದು ಮುರಿದು, ಕೋರ್ಟಿನಲ್ಲಿ ಬಿಡುಗಡೆಯಾಗಿತ್ತು. ಒಂದು ಸಲ ರಜೆಗೆ ಬಂದವರು ಅಣ್ಣನ ಮಗಳ ಟಿ.ಸಿ. ತಗೊಂಡು ಹೋಗಲು ನಮ್ಮ ಶಾಲೆಗೆ ಬಂದರು. ಮೈದಾನದಲ್ಲಿ ಮೇಡಂ ಅವರನ್ನು ನೋಡಿ, "ಲಾರೀಲಿ ನಿಂತೇ ಬಂದ ಟೀಚರಲ್ವಾ ನೀವು?" ಎಂದು ಕೇಳಿದರು. ಎರಡು ವರ್ಷ ಫೋನಿನಲ್ಲಿ ಮಾತಾಡಿದ ಮೇಲೆ ಮದುವೆ ನಿಶ್ಚಯವಾಯಿತು.

ಜಾತಿ ಬೇರೆ. ಹೆಣ್ಣಿಗೆ ಐದು ವರ್ಷ ಹೆಚ್ಚು. ಮೇಡಂಗೆ ಹತ್ತಿರದವರು ಅಂತ ಯಾರೂ ಉಳಿದಿರಲಿಲ್ಲ. ಸಾಕ್ಷಿ ಹಾಕಿದವರು ಮೂವರು: ನಾನು, ಅವರು ಬಾಡಿಗೆಗಿದ್ದ ಮನೆಯ ಯಜಮಾನಿ, ಆಕೆಯ ಗಂಡ. ಗಂಡಿನ ಕಡೆಯಿಂದ ಯಾರೂ ಬರಲಿಲ್ಲ. "ಅಮ್ಮಂಗೆ ಹೇಳಿದೀನಿ. ಸ್ವಲ್ಪ ಸಿಟ್ಟಲ್ಲವ್ರೆ, ಸರಿಹೋಗ್ತಾರೆ" ಎಂದು ಅವರು ಹೇಳಿದರು, ನಾವು ನಂಬಿದೆವು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಐದೂ ಜನ ಮಸಾಲೆ ದೋಸೆ ತಿಂದೆವು. ಮೂರು ವಾರದ ನಂತರ ಗಂಡ ಕೆನಡಾಕ್ಕೆ ಹೊರಟರು. ಕಾಗದಪತ್ರ ಕೂಡಿಸಿ ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕುವಷ್ಟರಲ್ಲಿ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು.

ಇನ್ನೊಂದು ವರ್ಷ ಕಳೆದ ಮೇಲೆ ವೀಸಾ ಕಚೇರಿಯಿಂದ ಒಂದು ಪತ್ರ ಬಂತು. ಮೂರನೇ ಪೀರಿಯಡ್ಡಿನ ಬಿಡುವಿನಲ್ಲಿ ಮೇಡಂ ಅದರ ಪ್ರಿಂಟ್ ತಂದು ನನ್ನ ಮೇಜಿನ ಮೇಲಿಟ್ಟರು.

"ಮಿಸ್, ಇದ್ರಲ್ಲಿ ಜೆನ್ಯೂಯಿನ್ ಅಂತ ನಾಕ್ ಕಡೆ ಬರ್ದವ್ರೆ. ಹಂಗಂದ್ರೆ?"

"ನಿಜವಾದ್ದು ಅಂತ."

ಓದಿ ಹೇಳಿದೆ. ಈ ಮದುವೆ ನಿಜವಾದದ್ದೆಂದು ಅಧಿಕಾರಿಗೆ ಮನವರಿಕೆಯಾಗಿಲ್ಲ. ಇರುವುದು ಒಂದೇ ಫೋಟೋ, ಅದರಲ್ಲಿ ದಂಪತಿಗಳ ನಡುವೆ ಆತ್ಮೀಯತೆ ಕಾಣುವುದಿಲ್ಲ. ಬಂಧುಗಳು ಯಾರೂ ಹಾಜರಿಲ್ಲ. ಮದುವೆಯಾದ ಎಂಟು ತಿಂಗಳವರೆಗೆ ಗಂಡನ ತಾಯಿಗೆ ವಿಷಯವೇ ಗೊತ್ತಿರಲಿಲ್ಲ ಎಂದು ಅರ್ಜಿಯಲ್ಲೇ ಬರೆದಿದೆ. ಮೂವತ್ತು ದಿನದೊಳಗೆ ರುಜುವಾತು ಒದಗಿಸದಿದ್ದರೆ ಅರ್ಜಿ ತಿರಸ್ಕೃತವಾಗುವುದು.

"ಎಂಟು ತಿಂಗ್ಳ ವಿಷ್ಯ ಯಾರು ಬರೆದಿದ್ದು?" ಎಂದು ಕೇಳಿದೆ. ನನಗೆ ಅದು ಹೊಸ ಸುದ್ದಿ.

"ನಾನೇ. ಯಾವಾಗ ತಿಳಿಸಿದ್ರಿ ಅಂತ ಕಾಲಂ ಇತ್ತು."

ಅವರು ಕಾಗದವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಅದೇ ಗೆರೆಗೆ ಮಡಿಸಿದರು. "ಮದ್ವೆ ಆಗೈತೆ ಅಂತ ಸರ್ಟಿಫಿಕೇಟ್ ಕೊಟ್ಟಿದೀನಿ. ನಿಜವಾದ ಮದ್ವೆ ಅಂತ ಹೆಂಗ್ ತೋರ್ಸದು ಮಿಸ್? ಯಾರು ಕೊಡ್ತಾರೆ ಅದುಕ್ಕೆ ಸರ್ಟಿಫಿಕೇಟು?"

ಗಂಡ ಹೆಂಡತಿ ಫೋನಿನಲ್ಲಿ ಬರೆದುಕೊಂಡ ಮೆಸೇಜುಗಳನ್ನು ಇಂಗ್ಲಿಷಿಗೆ ಅನುವಾದಿಸಿ ಕೊಡಬಹುದು ಎಂದು ಪತ್ರದಲ್ಲಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು. ಪರರ ಸಂಸಾರದ ಮಾತು ಓದುವುದು ಹೇಗೆಂದು ನನಗೆ ಮುಜುಗರ. ಮೇಡಂ ಮೊಬೈಲನ್ನು ನನ್ನ ಕೈಗಿಟ್ಟು, "ಓದ್ಕಳಿ. ಏನೂ ಇಲ್ಲ ಅದ್ರಲ್ಲಿ" ಅಂದರು.

ನಿಜಕ್ಕೂ ಏನೂ ಇರಲಿಲ್ಲ. ನನ್ನ ಎದೆ ಒಡೆದದ್ದೇ ಅದಕ್ಕೆ. "ಊಟ ಆಯ್ತಾ ಟೀಚರ್?" "ಹೂಂ." "ಏನು?" "ಅನ್ನ ಸಾರು. ನಿಮ್ದು?" "ಬ್ರೆಡ್ಡು." "ಹಿಮ ಬೀಳ್ತಿದೆ." "ಟೋಪಿ ಹಾಕ್ಕಳಿ." "ಹೂಂ." ವರ್ಷಗಟ್ಟಲೆ ಇದೇ. ಒಂದು ಚಿನ್ನ ಇಲ್ಲ, ಒಂದು ಮುದ್ದು ಇಲ್ಲ. ಕಟ್ಟಿಕೊಂಡ ಹೆಂಡತಿಯನ್ನು ಟೀಚರ್ ಅನ್ನುವವನನ್ನು ಯಾವ ಅಧಿಕಾರಿ ಗಂಡ ಎಂದು ನಂಬುತ್ತಾನೆ? ಹೂಂ ಎಂಬುದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯಲಿ? ಮೇಡಂ ಬರೆಯುತ್ತಿದ್ದ ಹೂಂನಲ್ಲಿ ಒಪ್ಪಿಗೆ ಇತ್ತು, ಬೇಜಾರಿತ್ತು, ನಗು ಇತ್ತು, ಇನ್ನೂ ಮಾತಾಡಿ ಎಂಬುದೂ ಇತ್ತು. ನಾನು ಎಲ್ಲ ಕಡೆಯೂ ಯೆಸ್ ಎಂದು ಬರೆದೆ. ಬರೆದಷ್ಟೂ ಹೆದರಿಕೆ ಹೆಚ್ಚಾಯಿತು. ಇಪ್ಪತ್ತು ವರ್ಷ ಸಂಸಾರ ಮಾಡಿದ ನನ್ನ ಫೋನನ್ನೇ ತೆಗೆದು ನೋಡಿದೆ. ನಾನು ಗಂಡನಿಗೆ ಕೊನೆಗೆ ಬರೆದದ್ದು, "ಹಾಲು ತನ್ನಿ". ಅವರ ಉತ್ತರ, "ಎಷ್ಟು".

ಹೀಗೆ ಓದುತ್ತ ಹೋದವಳು ಒಂದು ಕಡೆ ಬಂದು ನಿಂತೆ. ಇಪ್ಪತ್ಮೂರು ದಿನ ಮೇಡಂ ಕಡೆಯಿಂದ ಒಂದಕ್ಷರವೂ ಇಲ್ಲ. ಆ ಕಡೆಯಿಂದ ಮಾತ್ರ ದಿನಕ್ಕೊಂದರಂತೆ "ಊಟ ಆಯ್ತಾ ಟೀಚರ್?" ಇಪ್ಪತ್ತೆರಡು ಸಲ. ಇಪ್ಪತ್ಮೂರನೇ ದಿನ ಹೀಗಿತ್ತು: "ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈದರು. ತಪ್ಪಾಯ್ತು ಟೀಚರ್."

ಕೇಳಿದೆ. ಮೇಡಂ ಶೂ ಲೇಸು ಬಿಗಿಯುತ್ತ, ತಲೆ ಎತ್ತದೆ ಹೇಳಿದರು. ಮದುವೆಯಾದ ಮೇಲೆ ಬಂದ ಮೊದಲ ಗೌರಿ ಹಬ್ಬಕ್ಕೆ ಅತ್ತೆಗೆ ಬಾಗಿನ ಕೊಡಬೇಕೆಂದು ಮೊರದಲ್ಲಿ ಎಲ್ಲ ಜೋಡಿಸಿಕೊಂಡು ಚೌಳಹಿರಿಯೂರಿಗೆ ಬಸ್ಸು ಹತ್ತಿದ್ದಾರೆ. ಅತ್ತೆ ಸಿಟ್ಟಿನಲ್ಲಿದ್ದಾರೆಂದು ಗಂಡ ಹೇಳಿದ್ದು ತಲೆಯಲ್ಲಿತ್ತು. ಸಿಟ್ಟಾದರೂ ಹಬ್ಬದ ದಿನ ಒಳಗೆ ಕರೆಯದಿರುವರೇ ಎಂದು ಹೋಗಿದ್ದಾರೆ. ಅತ್ತೆ ಬಾಗಿಲಿಗೆ ಬಂದು, "ಯಾರವ್ವ ನೀನು? ಪೋಲಿಯೋ ಹನಿ ಹಾಕೋಳಾ? ನಮ್ಮನೇಲಿ ಸಣ್ ಮಕ್ಳಿಲ್ಲ" ಅಂದರಂತೆ.

"ನೀವು ಏನಂದ್ರಿ?"

"ನಿಮ್ ಸೊಸೆ ಅಂದೆ. ಬಾಗ್ಲು ಹಾಕ್ಕಂಡ್ರು. ಮೊರ ಜಗ್ಲಿ ಮೇಲಿಟ್ಟು ಬಂದ್ಬಿಟ್ಟೆ." ಲೇಸಿಗೆ ಗಂಟು ಹಾಕಿ ಹೇಳಿದರು: "ಅವ್ರು ಮನೇಲಿ ಹೇಳೇ ಇರ್ಲಿಲ್ಲ ಕಣ್ರೀ ಮಿಸ್. ಎಂಟು ತಿಂಗ್ಳು. ಅವ್ರಮ್ಮನ್ ಕಂಡ್ರೆ ಹೆದ್ರಿಕೆ ಅವ್ರಿಗೆ."

ಆ ಇಪ್ಪತ್ಮೂರು ದಿನವನ್ನು ಬಿಟ್ಟುಬಿಡೋಣ ಎಂದು ನಾನು ಅಂದೆ. ಎಲ್ಲ ಮೆಸೇಜೂ ಕೊಡಿ ಎಂದು ಅವರು ಕೇಳಿಲ್ಲ, ಆಯ್ದದ್ದು ಕೊಟ್ಟರೆ ಸಾಕು. ಜಗಳದ ಭಾಗ ಕೈಗೆ ಸಿಕ್ಕರೆ ಅದನ್ನೇ ಹಿಡಿದುಕೊಳ್ಳುತ್ತಾರೆ. ಅವರು ಇನ್ನೊಂದು ಶೂವಿನ ಲೇಸಿಗೆ ಕೈ ಹಾಕಿದರು.

"ಅದನ್ನ ತೆಗೆದ್ರೆ ಉಳಿದಿದ್ದೆಲ್ಲ ಸುಳ್ಳಾಗ್ತದೆ ಮಿಸ್. ಇರ್ಲಿ."

ಹನ್ನೆರಡು ದಿನ ಕಳೆದಿತ್ತು. ನನಗೆ ನಿದ್ದೆಯಿಲ್ಲ. ಮೆಟ್ಟಿಲ ಮೇಲೆ ನಿಂತ ಆ ಫೋಟೋ, ಈ ಹೂಂಗಳು, ಮೇಲೆ ಆ ಜಗಳ. ಸಾಕ್ಷಿ ಸಹಿ ಹಾಕಿದವಳು ನಾನು. ಅನುವಾದ ಮಾಡಿದವಳೂ ನಾನು. ಅರ್ಜಿ ಬಿದ್ದರೆ ನನ್ನ ಇಂಗ್ಲಿಷಿನಿಂದಲೇ ಬಿತ್ತು ಅನ್ನಿಸುತ್ತಿತ್ತು. ಆಗ ಒಂದು ತಪ್ಪು ಕೆಲಸ ಮಾಡಿದೆ. ಕಡೂರಿನಲ್ಲಿ ಪಾಸ್‌ಪೋರ್ಟು, ವೀಸಾ ಫಾರಂ ತುಂಬಿಕೊಡುವ ಒಬ್ಬನ ಹತ್ತಿರ ಮೇಡಂಗೆ ಹೇಳದೆ ಹೋದೆ. ಅವನು ಮದುವೆ ಫೋಟೋ ನೋಡಿ ನಕ್ಕ.

"ಇದೇನ್ ಮೇಡಂ, ಪ್ರತಿಜ್ಞೆ ಮಾಡ್ತಿರೋ ಹಂಗೆ ನಿಂತವ್ರೆ! ಇಬ್ರುದೂ ಬೇರೆ ಬೇರೆ ಫೋಟೋ ಕೊಡಿ. ಹೆಬ್ಬೆ ಫಾಲ್ಸ್ ಮುಂದೆ ನಿಲ್ಲಿಸ್ಕೊಡ್ತೀನಿ, ಹೆಗಲ್ ಮೇಲೆ ಕೈ ಹಾಕಿಸಿ. ಎಲ್ರೂ ಮಾಡ್ಸದು ಹಂಗೇಯಾ."

ಎರಡು ದಿನದಲ್ಲಿ ನಾಲ್ಕು ಫೋಟೋ ಬಂದವು. ಚೆನ್ನಾಗಿಯೇ ಇದ್ದವು. ಹೆಬ್ಬೆಯ ನೀರು ಹಿಂದೆ ಸುರಿಯುತ್ತಿತ್ತು. ಮೇಡಂ ಗಂಡನ ಭುಜಕ್ಕೆ ತಲೆ ಒರಗಿಸಿದ್ದರು. ಫೈಲಿನ ನಡುವೆ, ಫೋನ್ ಬಿಲ್ಲುಗಳ ಹಿಂದೆ ಸೇರಿಸಿಟ್ಟೆ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅವರು ಫೈಲು ತೆರೆದು, ಮಕ್ಕಳನ್ನು ಎಣಿಸುವ ಹಾಗೆ ಒಂದೊಂದೇ ಹಾಳೆ ಎಣಿಸಿದರು. ನಾಲ್ಕು ಹೆಚ್ಚು ಬಂತು. ಫೋಟೋಗಳನ್ನು ಈಚೆ ತೆಗೆದು ಮೇಜಿನ ಮೇಲೆ ಸಾಲಾಗಿಟ್ಟು ಬಹಳ ಹೊತ್ತು ನೋಡಿದರು. ಕೂಗಾಡುತ್ತಾರೆಂದು ನಾನು ಕಾದೆ. ಅವರು ಮೆಲ್ಲಗೆ ಕೇಳಿದರು:

"ಇವ್ರು ಯಾರು ಮಿಸ್?"

ಕಡೂರಿನವನ ಹತ್ತಿರ ಮಾಡಿಸಿದ್ದೆಂದು ಹೇಳಿದೆ.

"ಇವ್ರಿಗೆ ವೀಸಾ ಸಿಕ್ರೆ ಇವ್ರೇ ಹೋಗ್ಬೇಕಲ್ಲ. ನಾನ್ ಹೆಂಗ್ ಹೋಗ್ಲಿ?"

ನಾಲ್ಕನ್ನೂ ಹರಿದು ಬುಟ್ಟಿಗೆ ಹಾಕಿ ಮೈದಾನಕ್ಕೆ ಹೋದರು. ಎರಡು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಮೂರನೇ ದಿನ ತಾವೇ ಬಂದು ಡಬ್ಬಿ ಬಿಚ್ಚಿ, ಉಪ್ಪಿನಕಾಯಿ ನನ್ನ ತಟ್ಟೆಗೆ ಹಾಕಿ, "ನಂಗೂ ಹೆದ್ರಿಕೆ ಐತೆ ಮಿಸ್. ನಿಮ್ಗಿಂತ ಜಾಸ್ತಿನೇ ಐತೆ" ಅಂದರು.

ಕೊನೆಗೆ ದಾರಿ ತೋರಿಸಿದ್ದು ಬಾಗಿಲು ಹಾಕಿಕೊಂಡ ಆ ಅತ್ತೆ. ಅದು ಹೀಗಾಯಿತು. ಗೌರಿ ಹಬ್ಬದ ಪ್ರಸಂಗವಾಗಿ ನಾಲ್ಕು ತಿಂಗಳಿಗೆ ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿಸಿ ಹಿರಿಮಗನ ಮನೆಗೆ ಕರೆತಂದರು. ಹಿರಿಮಗ ಸೊಸೆ ಚೆನ್ನಾಗಿಯೇ ನೋಡಿಕೊಂಡರು, ಆದರೆ ಮುದುಕಿ ನೋವಿಗೆ ಹೆದರಿ ಹಾಸಿಗೆ ಬಿಟ್ಟು ಏಳಲಿಲ್ಲ. ಸುದ್ದಿ ಕೇಳಿದ ಪಿ.ಟಿ. ಮೇಡಂ ಒಂದು ಭಾನುವಾರ ಕ್ಯಾನ್ವಾಸ್ ಶೂ ಹಾಕಿಕೊಂಡೇ ಆ ಮನೆಯ ಜಗಲಿ ಹತ್ತಿದರು. ಬೈಗುಳ ಕೇಳಿಸಿಕೊಂಡರು. ಮುಂದಿನ ಭಾನುವಾರವೂ ಹೋದರು. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ತುಳಸಿಕಟ್ಟೆಗೆ, "ಒಂದು... ಎರಡು... ಬೆನ್ನು ನೆಟ್ಟಗೆ, ಅತ್ತೆ" ಎಂದು ನಡೆಸಿದರು. ಆರು ತಿಂಗಳಲ್ಲಿ ಮುದುಕಿ ವಾಕರ್ ಹಿಡಿದು ತೋಟದ ಬೇಲಿಯವರೆಗೆ ಹೋಗಿ ಬರುತ್ತಿದ್ದರು. ಈ ಸಂಗತಿಯನ್ನು ಮೇಡಂ ಅರ್ಜಿಯಲ್ಲಿ ಬರೆದಿರಲಿಲ್ಲ, ನನಗೂ ಹೇಳಿರಲಿಲ್ಲ. ಯಾಕೆ ಎಂದರೆ, "ಅದಕ್ಕೆ ಕಾಲಂ ಇರ್ಲಿಲ್ಲ" ಅಂದರು.

ನನಗೆ ಗೊತ್ತಾದದ್ದು ಮುದುಕಿಯಿಂದಲೇ. ಗಡುವಿಗೆ ವಾರವಿದ್ದಾಗ ಆಕೆಗೆ ಕಿರಿಮಗನಿಂದ ವಿಷಯ ತಿಳಿಯಿತು. "ನಾನೇ ಬಂದು ಬರೆಸ್ತೀನಿ" ಎಂದು ಹಟ ಹಿಡಿದು ಹಿರಿಮಗನ ಜೊತೆ ಆಟೋದಲ್ಲಿ ಕಡೂರಿಗೆ ಬಂದರು. ನೋಟರಿ ಕೂರುವ ಜಾಗಕ್ಕೆ ಐದು ಮೆಟ್ಟಿಲು. ಮೇಡಂ ಕೈ ಕೊಡಲು ಹೋದರೆ ತಳ್ಳಿ, ಕಂಬಿ ಹಿಡಿದು ತಾವೇ ಹತ್ತಿದರು. ನೋಟರಿ ರೂಢಿಯಂತೆ, "ಸದರಿ ವಿವಾಹವು ನನ್ನ ಪೂರ್ಣ ಒಪ್ಪಿಗೆಯಿಂದ..." ಎಂದು ಶುರುಮಾಡಿದರು.

"ಏನಪ್ಪಾ, ನಾನೆಲ್ಲಿ ಒಪ್ಪಿದ್ದೆ?" ಎಂದು ಮುದುಕಿ ತಡೆದರು. "ನಾನ್ ಹೇಳ್ದಂಗೆ ಬರಿ."

ಆಕೆ ಹೇಳಿದರು, ನಾನು ಬರೆದುಕೊಂಡೆ:

"ಇವ್ಳು ನನ್ ಕಿರೀ ಸೊಸೆ. ಈ ಮದ್ವೆ ನಂಗಿಷ್ಟ ಇರ್ಲಿಲ್ಲ. ಹಬ್ಬದ್ ದಿನ ಬಂದೋಳ್ನ ಒಳಕ್ ಬಿಡ್ಲಿಲ್ಲ ನಾನು. ನನ್ ಮಗ ಹೆದ್ರುಪುಕ್ಲ, ಎಂಟು ತಿಂಗ್ಳು ಬಾಯ್ ಬಿಟ್ಟಿರ್ಲಿಲ್ಲ. ನಾನ್ ಬಿದ್ ಮೇಲೆ ಇವ್ಳು ವಾರ ವಾರ ಬತ್ತಾಳೆ. ಬರಬ್ಯಾಡ ಅಂದ್ರೂ ಬತ್ತಾಳೆ. ನಾನು ಒಂದ್ ಬೈದ್ರೆ ಇವ್ಳೂ ಒಂದ್ ಅಂತಾಳೆ. ನೋವು ಅಂದ್ರೆ ಬಿಡಲ್ಲ, ಇನ್ನತ್ತು ಹೆಜ್ಜೆ ಅಂತಾಳೆ. ಸುಳ್ ಸೊಸೆ ಆಗಿದ್ರೆ ಇಷ್ಟೊತ್ತಿಗೆ ಒಳ್ಳೆ ಮಾತಾಡಿ ನನ್ನ ಮಂಚದ್ ಮೇಲೇ ಮಲಗಿಸಿರೋಳು."

ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮೇಡಂ ಕಡೆ ತಿರುಗಿ, "ಸಾಕೇನೇ ಇಷ್ಟು?" ಅಂದರು. ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದು ಪದವನ್ನೂ ನಯ ಮಾಡದೆ ಅದನ್ನು ಇಂಗ್ಲಿಷಿಗೆ ತಂದೆ. ಇಪ್ಪತ್ತೊಂಬತ್ತನೇ ದಿನ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿದೆವು.

ಎರಡು ತಿಂಗಳ ಮೇಲೆ ಫೋನಿನಲ್ಲೇ ಸಂದರ್ಶನ ಎಂದು ತಿಳಿಸಿದರು. ನಾನು ಪ್ರಶ್ನೆಗಳನ್ನು ಹುಡುಕಿ ಬರೆದುಕೊಂಡು ಬಿಡುವಿದ್ದಾಗಲೆಲ್ಲ ಬಾಯಿಪಾಠ ಮಾಡಿಸಲು ನೋಡಿದೆ. ಗಂಡನ ಮೆಚ್ಚಿನ ಬಣ್ಣ? "ಗೊತ್ತಿಲ್ಲ." ಮೆಚ್ಚಿನ ತಿಂಡಿ? "ಇಲ್ಲಿದ್ದಾಗ ಉಪ್ಪಿಟ್ಟು ಅಂತಿದ್ರು. ಅಲ್ಲಿ ಏನೋ." ಹಾಸಿಗೆಯ ಯಾವ ಕಡೆ ಮಲಗುತ್ತಾರೆ? ಇದಕ್ಕೆ ಅವರು ಎದ್ದೇ ಹೋದರು. ನೀಲಿ ಎಂದಾದರೂ ಹೇಳಿ ಎಂದು ಬೇಡಿಕೊಂಡೆ. "ಅವ್ರನ್ನೂ ಕೇಳ್ದಾಗ ಅವ್ರು ಹಸ್ರು ಅಂದ್ರೆ?" ಅಂದರು. ಕೇಳಿಕೊಂಡು ಇಬ್ಬರೂ ಒಂದೇ ಹೇಳಿ ಅಂದರೆ, ಅದು ಕಾಪಿ ಹೊಡೆದ ಹಾಗಲ್ಲವೇ ಎಂದು ನನ್ನನ್ನೇ ನೋಡಿದರು.

ಫೋನ್ ಬಂದ ದಿನ ಹೆಡ್‌ಮಾಸ್ಟರು ತಮ್ಮ ಕೋಣೆ ಬಿಟ್ಟುಕೊಟ್ಟರು. ನಾನು ಹೊರಗಿನ ವರಾಂಡದಲ್ಲಿ ನಿಂತೆ. ಆ ಕಡೆ ಅಧಿಕಾರಿ, ಜೊತೆಗೊಬ್ಬ ದುಭಾಷಿ. ನನಗೆ ಕೇಳುತ್ತಿದ್ದದ್ದು ಮೇಡಂ ಮಾತು ಮಾತ್ರ. ಹಾಜರಿ ಕೂಗುವ ಗಟ್ಟಿ ದನಿ.

"ಗೊತ್ತಿಲ್ಲ."

"ಅದೂ ಗೊತ್ತಿಲ್ಲ."

ನಾನು ಕಿಟಕಿಯ ಸರಳು ಹಿಡಿದುಕೊಂಡೆ.

"ಇಲ್ಲ. ಮನೇಲಿ ಹೇಳಿರ್ಲಿಲ್ಲ... ಎಂಟು ತಿಂಗ್ಳು... ಹೌದು, ನನಗೂ ಸುಳ್ಳು ಹೇಳಿದ್ರು."

ಆಮೇಲೆ ದನಿ ತಗ್ಗಿತು. ನಾನು ಬಾಗಿಲಿಗೆ ಕಿವಿಗೊಟ್ಟೆ.

"ಯಾಕ್ ಮಾತಾಡ್ಲಿಲ್ಲ ಅಂದ್ರೆ, ಕೋಪ ಬಂದಿತ್ತು. ಬಿಟ್ಬಿಡಣ ಅಂತಲ್ಲ. ಬಿಡೋ ಹಂಗಿದ್ರೆ ಕೋಪ ಯಾಕ್ ಮಾಡ್ಕಳ್ಳಿ? ದಿನಾ ಅವ್ರ ಮೆಸೇಜ್ ಬಂತಾ ಅಂತ ನೋಡ್ತಿದ್ದೆ. ಬರ್ದೇ ಇದ್ರೆ ಏನಾಯ್ತೋ ಅಂತ ಜೀವ ಹೊಡ್ಕಳದು. ಅವ್ರು ಲಾರಿ ಓಡ್ಸೋರು. ಊಟ ಆಯ್ತಾ ಅಂತ ಬಂದ್ರೆ, ಸದ್ಯ ಇವತ್ತು ಮನೆ ಮುಟ್ಕಂಡ್ರು ಅಂತ ಗೊತ್ತಾಗದು. ಅದು ಬಂದ್ಮೇಲೆ ನಾನ್ ಉಣ್ತಿದ್ದೆ."

ಇದನ್ನು ಅವರು ನನಗೂ ಹೇಳಿರಲಿಲ್ಲ. ಗಂಡನಿಗೆ ಹೇಳಿದ್ದರೋ ಇಲ್ಲವೋ. ಮುಖ ಕಾಣದ ಒಬ್ಬ ಅಧಿಕಾರಿ ಕೇಳಿದರೆಂದು ಹೇಳಿದರು. ಈಚೆ ಬಂದಾಗ ರವಿಕೆ ಬೆವರಿನಿಂದ ತೊಯ್ದಿತ್ತು. "ಸೋತೆ ಅನ್ಸುತ್ತೆ ಮಿಸ್" ಅಂದರು. ನೀರು ಕುಡಿದು ಎಂಟನೇ ಕ್ಲಾಸಿನ ಆಟದ ಪೀರಿಯಡ್ಡಿಗೆ ಹೋದರು.

ಏಳು ವಾರ ಕಾದೆವು. ಆ ಏಳು ವಾರದಲ್ಲಿ ಅವರು ಸೀಟಿಯನ್ನು ಎರಡು ಸಲ ಬಸ್ಸಿನಲ್ಲಿ ಬಿಟ್ಟು ಬಂದರು. ಎಂಟನೇ ವಾರ ಪಾಸ್‌ಪೋರ್ಟ್ ಕಳಿಸಿ ಎಂದು ಪತ್ರ ಬಂತು. ಅದರ ಅರ್ಥ ವೀಸಾ ಕೊಟ್ಟರು ಎಂದೇ ಎಂದು ನಾನು ಮೂರು ಸಲ ಓದಿ ಹೇಳಿದ ಮೇಲೆ ಅವರು ಕುರ್ಚಿಗೆ ಬೆನ್ನು ಒರಗಿಸಿ ಕೂತರು.

ಬೀಳ್ಕೊಡುಗೆ ಸಮಾರಂಭ ಬೇಡವೆಂದರು. ಕೊನೆಯ ದಿನವೂ ಸುಣ್ಣದ ಪುಡಿಯಲ್ಲಿ ಅಂಕಣದ ಗೆರೆ ಹಾಕಿ, ಹುಡುಗಿಯರಿಂದ ಅಭ್ಯಾಸ ಮಾಡಿಸಿ ಹೋದರು. ಚೌಳಹಿರಿಯೂರಿಗೆ ಹೇಳಿ ಬರಲು ಹೋದಾಗ ಅತ್ತೆ, "ಅವ್ನಿಗೆ ಹೇಳು, ಅವ್ನ್ ಮೇಲಿನ್ ಸಿಟ್ಟು ನಂಗಿನ್ನೂ ಹೋಗಿಲ್ಲ ಅಂತ" ಎಂದು ಹೇಳಿ ಕಳಿಸಿದರಂತೆ.

ಅವರು ಹೋಗಿ ಎರಡನೇ ಚಳಿಗಾಲಕ್ಕೆ ಅವರ ಗಂಡನ ಲಾರಿ ಹಿಮದ ಮೇಲೆ ಜಾರಿ ಮಗುಚಿತು. ಅವರು ಬದುಕಿದರು, ಈಗ ಕುಂಟದೆ ನಡೆಯುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆವತ್ತು ಸಂಜೆ ಶಾಲೆ ಬಿಡುವ ಹೊತ್ತಿಗೆ ಮೇಡಂ ಫೋನ್ ಬಂದಾಗ ಅದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮಕ್ಕಳ ಗಲಾಟೆಯಲ್ಲಿ ಏನೂ ಕೇಳಿಸದೆ ನಾನು ಲ್ಯಾಬಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಆಪರೇಷನ್ನಿಗೆ ಕರ್ಕಂಡೋಗವ್ರೆ ಮಿಸ್" ಅಂದರು. ಆ ಗಟ್ಟಿ ದನಿ ಇರಲಿಲ್ಲ. "ಇನ್ನೂ ಎಚ್ಚರ ಆಗಿಲ್ಲ. ಪೊಲೀಸ್ನೋರು ಕರ್ಕಂಡ್ ಬಂದು ಆಸ್ಪತ್ರೆ ಬಾಗ್ಲಲ್ಲಿ ಬಿಟ್ರು. ಅಲ್ಲೊಬ್ಳು ಹುಡ್ಗಿ, ಕಂಪ್ಯೂಟರ್ ಮುಂದೆ ಕೂತಿದ್ಳು, ನೀವು ಅವ್ರಿಗೆ ಏನಾಗ್ಬೇಕು ಅಂದ್ಳು."

"ಆಮೇಲೆ?"

"ವೈಫ್ ಅಂದೆ. ಮದ್ವೆ ತಾರೀಖು, ತರೀಕೆರೆ, ಸಾಕ್ಷಿ ಹಾಕ್ದೋರ್ ಹೆಸ್ರು, ಎಲ್ಲಾ ಬಾಯ್ ತುದೀಗೆ ತಂದ್ಕಂಡು ನಿಂತಿದ್ದೆ. ನೀವು ಹೇಳಿಕೊಟ್ಟಂಗೆ."

"ಏನೇನ್ ಕೇಳಿದ್ಲು?" ಅಂದೆ.

"ಏನೂ ಕೇಳ್ಲಿಲ್ಲ ಕಣ್ರೀ ಮಿಸ್. ಒಂದೇ ಒಂದ್ ಮಾತು ಕೇಳ್ಲಿಲ್ಲ. ಬರ್ಕಂಡ್ಳು. ಎದ್ದು ಬಂದು ನನ್ ಕೈ ಹಿಡ್ಕಂಡು ಒಳಗಡೆ ಕರ್ಕಂಡೋಗಿ ಕೂರಿಸಿದ್ಳು."

ಧೈರ್ಯವಾಗಿರಿ ಎಂದೋ ಏನೋ ಅಂದೆ. ಅಷ್ಟರಲ್ಲಿ ಆ ಕಡೆ ಬಾಗಿಲು ತೆರೆದ ಸದ್ದು. ಯಾರೋ ಹೆಂಗಸು ಮಿಸೆಸ್ ಎಂದು ಅವರ ಗಂಡನ ಹೆಸರು ಸೇರಿಸಿ, ಸ್ವಲ್ಪ ತಪ್ಪಾಗಿ, ಎರಡು ಸಲ ಕರೆದಳು.

"ನನ್ನೇ ಕರೀತವ್ರೆ" ಎಂದರು ಪಿ.ಟಿ. ಮೇಡಂ. "ಬತ್ತೀನಿ."